ಹೊಂಬಾಳಮ್ಮನ ಗರಗಸದ ಇನ್ನೊಂದು ಹಿಡಿ

ಬಹಳ ಹಿಂದೆ, ಈಗ ಬೋಳಾಗಿ ಕೂತಿರೋ ಈ ಗುಡ್ಡಗಳ ಮೈಮೇಲೆಲ್ಲ ಕಾಡು ಇದ್ದ ಕಾಲದಲ್ಲಿ, ಕಗ್ಗಲಿದೊಡ್ಡಿ ಅಂತ ಒಂದು ಊರು. ಆ ಕಾಡು ಎಷ್ಟು ದಟ್ಟ ಅಂದರೆ, ಸೋಮವಾರ ಸುರಿದ ಮಳೆಯ ಹನಿ ನೆಲ ಮುಟ್ಟೋದು ಗುರುವಾರವಂತೆ. ನಂಬದವರು ನಂಬಬೇಡಿ, ಕೇಳಿದರೆ ಸಾಕು.

ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬಳಿದ್ದಳು. ಅವಳ ಗಂಡ ಕರಿಸಿದ್ದ. ಊರಾಚೆ, ಕುಂಬಾರರ ಕೇರಿಗೂ ಬಿದಿರು ಮೆಳೆಗೂ ನಡುವೆ, ಇಬ್ಬರದೂ ಸೇರಿ ಒಂದು ಸೌದೆ ಮಂಡಿ. ಗಾಳಿಗೆ ಉರುಳಿದ ಮರ, ಒಣಗಿ ನಿಂತ ಮರ ಎಳೆದು ತಂದು, ಎರಡು ಬೇಸಿಗೆ ಒಣಗಲು ಬಿಟ್ಟು, ಆಮೇಲೆ ಕೊಯ್ದು ಸೀಳಿ ಕೊಡೋದು ಅವರ ಕಸುಬು. ಮದುವೆ ಮನೆಯ ಒಲೆಗೂ ಅವರದೇ ಸೌದೆ, ಬಾಣಂತಿಯ ನೀರೊಲೆಗೂ ಅವರದೇ ಸೌದೆ, ಕುಂಬಾರರು ಮಡಕೆ ಸುಡೋ ಆವಿಗೆಗೂ ಅವರದೇ ಸೌದೆ.

ಮಂಡಿಯಲ್ಲಿ ಇದ್ದದ್ದು ಒಂದು ಕೊಡಲಿ, ಇಬ್ಬರು ಸೇರಿ ಎಳೆಯೋ ಒಂದು ಜೋಡಿ ಗರಗಸ. ಆಳುದ್ದದ ಗರಗಸ, ಎರಡು ತುದಿಗೆ ಎರಡು ಹಿಡಿ. ಈ ಕಡೆ ಅವಳು, ಆ ಕಡೆ ಅವನು. ಅವರು ಕೊಯ್ದರೆ, ತಾನು ತುಂಡಾದದ್ದು ಮರಕ್ಕೆ ಸಂಜೆ ಗಾಳಿ ಬೀಸೋವರೆಗೂ ಗೊತ್ತಾಗುತ್ತಿರಲಿಲ್ಲವಂತೆ. ದಿಮ್ಮಿಯ ಮೇಲೆ ನಿದ್ದೆ ಹೋಗಿದ್ದ ಓತಿಕ್ಯಾತವೊಂದು ಎರಡು ತುಂಡಿನ ನಡುವೆ ಬಿದ್ದಮೇಲೇ ಎಚ್ಚರವಾದದ್ದು ಅಂತಾರೆ.

ಆದರೆ ಅರ್ಧ ದಿನ ಅವರು ಮರ ಮುಟ್ಟುತ್ತಲೇ ಇರಲಿಲ್ಲ. ಅರ ಹಿಡಿದು ಹಲ್ಲು ಮಸೆಯೋರು, ಹೊಂಗೆ ಎಣ್ಣೆ ತಿಕ್ಕೋರು, ಕೊಡಲಿಯ ಮರದ ಕಾವು ಒಣಗಿ ಸಡಿಲವಾಗದಂತೆ ಸಂಜೆ ನೀರಿಗೆ ಇಳಿಬಿಡೋರು. ದಾರಿಯಲ್ಲಿ ಹೋಗೋರು ಆಡಿಕೊಳ್ಳೋರು, "ಏನ್ ಹೊಂಬಾಳಿ, ಗರಗಸ ನೋಡೋಕೆ ಗಂಡಿನ ಕಡೆಯೋರು ಬರ್ತಾರಾ ಇವತ್ತು, ಇಷ್ಟೊಂದು ಸಿಂಗಾರ?"

"ಬರ್ತಾರಂತೆ ಕಣಣ್ಣ. ನಿಮ್ಮನೇಲಿ ಒಂದು ಮೊಂಡಗತ್ತಿ ಐತಲ್ಲ, ಅದರ ಕಡೆಯೋರು" ಅನ್ನೋಳು ಅವಳು.

ಜೋಡಿ ಗರಗಸದ ಗುಟ್ಟು ಎರಡೇ. ಮೊದಲನೆಯದು, ಎಳೆಯಬೇಕು, ತಳ್ಳಬಾರದು. ನಿನ್ನ ಸರದಿಗೆ ನೀನು ಎಳೆದೆ, ಮುಗಿಯಿತು, ಇನ್ನು ಕೈ ಸಡಿಲ ಬಿಟ್ಟು ಆ ಕಡೆಯವರನ್ನು ನಂಬಬೇಕು. ಸಹಾಯ ಮಾಡ್ತೀನಿ ಅಂತ ತಳ್ಳಿದರೆ ತಗಡು ಬಾಗುತ್ತೆ. ಎರಡನೆಯದು, ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಕೊಂಚ ವಾಲಿರಬೇಕು. ಆಗಲೇ ಗರಗಸ ಮರದೊಳಗೆ ತನ್ನ ದಾರಿ ತಾನು ಅಗಲ ಮಾಡಿಕೊಳ್ಳೋದು. ವಾಲು ಸರಿಯಾಗಿದೆಯೋ ಇಲ್ಲವೋ ನೋಡೋಕೆ ಕರಿಸಿದ್ದ ಎರಡು ಸಾಲು ಹಲ್ಲಿನ ನಡುವೆ ಸೂಜಿಯೊಂದನ್ನು ಇಟ್ಟು ಗರಗಸ ಓರೆ ಮಾಡೋನು. ಸೂಜಿ ಆ ತುದಿಯವರೆಗೂ ಜಾರಿ ಹೋದರೆ ಸರಿ. ನಡುವೆ ನಿಂತರೆ, ನಿಂತ ಕಡೆ ಹಲ್ಲು ತಪ್ಪಿದೆ ಅಂತ.

ಹೀಗಿರುವಾಗ ಒಂದು ಮಾಗಿಯಲ್ಲಿ ಕರಿಸಿದ್ದನಿಗೆ ಜ್ವರ ಬಂತು. ಒಂಬತ್ತು ದಿನ ಮಲಗಿದ, ಹತ್ತನೇ ದಿನ ಹೋದ. ಅವನನ್ನು ಸುಟ್ಟದ್ದೂ ಅವನೇ ಒಣಗಿಸಿದ ಸೌದೆಯಲ್ಲಿ.

ಹೊಂಬಾಳಮ್ಮ ಅಳು ಮುಗಿಸಿ ಮಂಡಿಗೆ ಬಂದಳು. ಗರಗಸ ಇಳಿಸಿ ಎಣ್ಣೆ ಹಚ್ಚಿದಳು. ಮೊದಲು ಅವನ ಹಿಡಿಗೆ, ಆಮೇಲೆ ತನ್ನ ಹಿಡಿಗೆ. ಕೊಡಲಿಯಲ್ಲೇ ಸಣ್ಣಪುಟ್ಟ ಕೊಂಬೆ ಕಡಿದು ಎರಡು ತಿಂಗಳು ತಳ್ಳಿದಳು.

ಆಗ ಊರ ಗೌಡ ಕರೆಸಿದನಂತೆ. ಮಂಡಿಯ ಜಾಗ ಊರಿನದು, ಗರಗಸಕ್ಕೆ ಎರಡು ಹಿಡಿ, ನಿನ್ನ ಹತ್ತಿರ ಇರೋದು ಒಬ್ಬರ ಕೈ, ಇದು ಹೇಗೆ ನಡೆದೀತು ಅಂದನಂತೆ. ಯುಗಾದಿಗೆ ಮುಂಚೆ ಕುಂಬಾರರು ಆವಿಗೆ ಹಚ್ಚುತ್ತಾರೆ. ಬೆಳಗ್ಗೆ ಹಚ್ಚಿದ ಬೆಂಕಿ ಸಂಜೆವರೆಗೂ ಇಳಿಯಬಾರದು, ಇಳಿದರೆ ನಾಲ್ಕು ಮನೆಯವರ ವರ್ಷದ ಮಡಕೆಯೆಲ್ಲ ಬಿರುಕು. ಆ ದಿನ ಸೌದೆ ತಪ್ಪಿಸದೆ ಕೊಟ್ಟರೆ ಮಂಡಿ ನಿನ್ನದೇ, ತಪ್ಪಿದರೆ ನನ್ನ ಅಕ್ಕನ ಮಗನಿಗೆ. ಗೌಡನ ಮಾತು ಇಷ್ಟು.

ಅವಳು ಪಕ್ಕದೂರಲ್ಲಿದ್ದ ಮೈದುನ ದುಗ್ಗಯ್ಯನಿಗೆ ಹೇಳಿ ಕಳಿಸಿದಳು. ದುಗ್ಗಯ್ಯ ಕರಿಸಿದ್ದನ ತಮ್ಮ, ನೇಗಿಲು ಹಿಡಿಯೋ ಒಕ್ಕಲು, ಎತ್ತಿನಂಥ ಆಳು, ಹಾಲಿನಂಥ ಮನಸ್ಸು. ಅವನ ಒಕ್ಕಣೆ ಮುಗಿದು ಅವನು ಬಂದದ್ದು ಆವಿಗೆ ಹಚ್ಚೋ ಹಿಂದಿನ ದಿನ ಮಧ್ಯಾಹ್ನ. ಅರ್ಧ ದಿನಕ್ಕಾಗೋ ಸೌದೆ ಕಡಿದಿಟ್ಟಿತ್ತು. ಉಳಿದರ್ಧಕ್ಕೆ ಒಣಗಿ ಕಲ್ಲಾಗಿದ್ದ ದೊಡ್ಡ ಹುಣಸೆ ದಿಮ್ಮಿ. ನಾಳೆ ನಾನೂ ನೀನೂ ಕೊಯ್ದರಾಯಿತು ಅಂತ ಹೇಳಿ ಅವಳು ಆವಿಗೆಯ ಹತ್ತಿರಕ್ಕೆ ಸೌದೆ ಹೊರಲು ಹೋದಳು.

ಮಾರನೇ ಬೆಳಗ್ಗೆ ಕುಂಬಾರ ಗುಡ್ಡಯ್ಯ ಆವಿಗೆಗೆ ಕೈಮುಗಿದು ಬೆಂಕಿ ಇಟ್ಟ. ಇತ್ತ ಇವರು ಗರಗಸ ಹಿಡಿದರು. ನಾಲ್ಕು ಸಲ ಎಳೆದರು. ಗೇಣುದ್ದ ಇಳಿದು ಗರಗಸ ಕಚ್ಚಿಕೊಂಡಿತು. ಎಳೆದರೂ ಬಾರದು, ಎತ್ತಿದರೂ ಬಾರದು.

ಬೆಣೆ ಹೊಡೆದು ಬಿಡಿಸಿ ನೋಡುತ್ತಾಳೆ, ಹಲ್ಲೆಲ್ಲ ಒಂದೇ ಸಾಲು, ಬಾಚಣಿಗೆಯ ಹಾಗೆ ನೆಟ್ಟಗೆ. ಬೆಳ್ಳಿಯ ಹಾಗೆ ಹೊಳೀತಾ ಇವೆ.

"ನಾನೇ ಅತ್ತಿಗೆ" ಅಂದ ದುಗ್ಗಯ್ಯ. "ನೀನು ಅತ್ಲಾಗೆ ಹೋದಾಗ ಇಳಿಸಿ ನೋಡಿದೆ. ಅಣ್ಣ ಹೋದಮೇಲೆ ಯಾರೂ ನೋಡಿಲ್ಲ ಅಂತ ಕಾಣ್ತದೆ, ಹಲ್ಲೆಲ್ಲ ಸೊಟ್ಟಗಾಗಿತ್ತು. ಒಂದೊಂದನ್ನೂ ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿದೀನಿ."

ಗರಗಸದ ನೆತ್ತಿಗೆ ಅವನು ಕುಂಕುಮ ಬೇರೆ ಇಟ್ಟಿದ್ದ.

ಅವಳು ಕೂತಳು. ಗರಗಸ ತೊಡೆಯ ಮೇಲೆ ಹಾಕಿಕೊಂಡಳು. ಸೀಳು ಕೊರೆದ ಕಬ್ಬಿಣದ ತುಂಡು ತಗೊಂಡು ಒಂದು ಹಲ್ಲು ಎಡಕ್ಕೆ ವಾಲಿಸಿದಳು, ಒಂದು ಬಲಕ್ಕೆ. ಒಂದು ಎಡಕ್ಕೆ, ಒಂದು ಬಲಕ್ಕೆ. ತೊಂಬತ್ತಾರು ಹಲ್ಲು ಅಂತಾರೆ ಎಣಿಸಿದವರು.

ಹೊತ್ತು ನೆತ್ತಿಗೆ ಬಂತು. ಗುಡ್ಡಯ್ಯ ಓಡಿ ಬಂದ. "ತಾಯಿ, ಆವಿಗೆ ಹೊಟ್ಟೆ ಖಾಲಿಯಾಗ್ತಾ ಐತೆ, ನೀನು ಕೂತಿದೀಯಲ್ಲ."

ಅವಳು ತಲೆ ಎತ್ತಲಿಲ್ಲ. ಊರವರು ತಮ್ಮ ತಮ್ಮ ಕೊಡಲಿ ತಂದು ದಿಮ್ಮಿಗೆ ಹಾಕಿದರು. ಆ ಹುಣಸೆ ಏಳು ಕೊಡಲಿಯ ಬಾಯಿ ಮುರಿಯಿತಂತೆ, ಎಂಟನೆಯದು ಹೆದರಿ ತಾನೇ ಕಾವಿಂದ ಜಾರಿತಂತೆ. ಗೌಡ ಬಂದು ನಿಂತ. ಅವನ ಅಕ್ಕನ ಮಗ ಮಂಡಿಯ ಅಗಲವನ್ನು ಹೆಜ್ಜೆಯಲ್ಲಿ ಅಳೆಯತೊಡಗಿದ. "ಎದ್ದು ಏನಾದರೂ ಮಾಡಮ್ಮ" ಅಂತ ಸುತ್ತ ನಿಂತವರೆಲ್ಲ ಕೂಗಿದರು.

ಅವಳಿಗೂ ಎದ್ದುಬಿಡಬೇಕು ಅನ್ನಿಸಿತು. ಎದ್ದು ಕಂಡ ಕಂಡದ್ದನ್ನು ಕಡಿದರೆ ಮಾಡಿದ ಹಾಗಾದರೂ ಕಾಣುತ್ತದೆ. ಕೂತವಳನ್ನು ಜನ ಸೋತವಳು ಅಂತಾರೆ. ಆದರೆ ಕೈ ಬಿಡಲಿಲ್ಲ. ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಹಲ್ಲಿನ ನಡುವೆ ಇಟ್ಟಳು. ಅರ್ಧಕ್ಕೆ ನಿಂತಿತು. ಆ ಹಲ್ಲನ್ನು ಕೂದಲೆಳೆಯಷ್ಟು ಸರಿಸಿದಳು. ಮತ್ತೆ ಇಟ್ಟಳು. ಮುಕ್ಕಾಲಿಗೆ ನಿಂತಿತು. ಮತ್ತೆ ಸರಿಸಿದಳು. ಮೂರನೇ ಸಲ ಸೂಜಿ ನೀರಿನ ಹಾಗೆ ಹರಿದು ಹೋಗಿ, ಕರಿಸಿದ್ದನ ಹಿಡಿಗೆ ತಾಗಿ ಟಿಣ್ ಅಂದಿತು.

ಆಗ ಎದ್ದಳು.

ದುಗ್ಗಯ್ಯ ಆ ಹಿಡಿ ಹಿಡಿದ. ಪಾಪ, ಮಾಡಿದ ತಪ್ಪಿಗೆ ಮೈಯೆಲ್ಲ ಶಕ್ತಿ ತಂದುಕೊಂಡು ಎಳೆದ, ಅವಳ ಸರದಿಯಲ್ಲಿ ನೇಗಿಲು ಒತ್ತಿದ ಹಾಗೆ ತಳ್ಳಿದ. ತಗಡು ಹಾವಿನ ಹಾಗೆ ತಿರುಚಿತು. ತಳ್ಳಬೇಡವೋ ಅಂದಳು. ಇನ್ನೂ ಜೋರಾಗಿ ತಳ್ಳಿದ.

"ಬಿಡು ದುಗ್ಗ. ನಿನ್ನ ಕೈಗೆ ಸುಮ್ಮನಿರೋಕೆ ಬರಲ್ಲ. ನೀನು ಕೊಡಲಿ ಮಸೆದುಕೋ, ಸೀಳೋದು ನಿಂದು."

ಅವಳು ಮೆಳೆಯ ಕಡೆ ನೋಡಿದಳು. ಮಂಡಿಯ ಅಂಚಿಗೆ ಒಂದು ಬಿದಿರು ನಿಂತಿತ್ತು, ಆಕಾಶಕ್ಕೆ ಎರಡೇ ಗೇಣು ಕಮ್ಮಿ ಅಂತಾರೆ. ಗುಡ್ಡಯ್ಯನ ಕೈಲಿ ದಿಮ್ಮಿಯನ್ನು ಅದರ ಮುಂದಕ್ಕೆ ಉರುಳಿಸಿದಳು. ಬಿದಿರಿನ ತಲೆ ಬಗ್ಗಿಸಿ, ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಗಂಡನ ಹಿಡಿಗೆ ಬಿಗಿದಳು. ತಾನು ಎಳೆದಳು. ಬಿದಿರು ಬಾಗಿತು. ಕೈ ಸಡಿಲ ಬಿಟ್ಟಳು. ಬಿದಿರು ನೆಟ್ಟಗಾಗುತ್ತ ಗರಗಸವನ್ನು ತನ್ನ ಕಡೆ ಎಳೆದುಕೊಂಡಿತು. ಅವಳು ಎಳೆದಳು, ಅದು ಎಳೆಯಿತು. ಅವಳು ಎಳೆದಳು, ಅದು ಎಳೆಯಿತು.

ಕಣ್ಣು ಮುಚ್ಚಿದರೆ ಅದೇ ಕೈ, ಅದೇ ನಡೆ. ಅವಳು ಕಣ್ಣು ಮುಚ್ಚಿಕೊಂಡೇ ಕೊಯ್ದಳಂತೆ.

ಆ ದಿನ ಎದ್ದ ಮರದ ಹೊಟ್ಟು ನೋಡಿ ಪಕ್ಕದೂರಲ್ಲಿ ಮಂಜು ಬಿತ್ತು ಅಂತ ಕಂಬಳಿ ಹೊದ್ದರಂತೆ. ದುಗ್ಗಯ್ಯ ಒಂದೇಟಿಗೆ ನಾಲ್ಕು ಸೀಳು ಮಾಡಿದ, ಕುಂಬಾರರು ಕೈಯಿಂದ ಕೈಗೆ ದಾಟಿಸಿದರು. ಕಪ್ಪಿಗೆ ತಿರುಗುತ್ತಿದ್ದ ಬೆಂಕಿ ಕೆಂಪಾಯಿತು, ಬೆಳ್ಳಗಾಯಿತು. ಹೊತ್ತು ಇಳಿಯೋವಾಗ ಗುಡ್ಡಯ್ಯ ಆವಿಗೆಯ ಬಾಯಿಗೆ ಮಣ್ಣು ಮೆತ್ತಿದ.

ಗೌಡ ಕೇಳಿದನಂತೆ, ಇದಕ್ಕೆ ಇನ್ನೊಬ್ಬರ ಕೈ ಅಂತ ಹೇಳೋದು ಹೇಗೆ?

"ಎಳೀತಲ್ಲ ಗೌಡ. ಒಂದು ಸಲವೂ ತಳ್ಳಲಿಲ್ಲ. ನನಗೆ ಇನ್ನೇನು ಬೇಕು?"

ಮೂರನೇ ದಿನ ಆವಿಗೆ ತೆಗೆದರು. ಒಂದು ಮಡಕೆಯೂ ಒಡೆದಿರಲಿಲ್ಲ. ಇಡೋವಾಗಲೇ ಬಿರುಕು ಬಿಟ್ಟಿದ್ದ ಒಂದು ಗುಡಾಣ ಕೂಡ ಬೆಸೆದುಕೊಂಡು ಬಂದಿತ್ತು ಅಂತಾರೆ. ಗೌಡನ ಅಕ್ಕನ ಮಗ ಮೊದಲ ಮಡಕೆ ಹೊತ್ತು ತಂದು ಅವಳ ಮುಂದೆ ಇಟ್ಟು ಹೋದ. ಮಂಡಿ ಅವಳದೇ ಆಗಿ ಉಳಿಯಿತು, ಅವಳು ಇರೋವರೆಗೂ.

ಹಗ್ಗ ಬಿಚ್ಚಿದಮೇಲೂ ಆ ಬಿದಿರು ಪೂರ್ತಿ ನೆಟ್ಟಗಾಗಲಿಲ್ಲವಂತೆ. ಯಾರೋ ಕರೆದರೇನೋ ಅನ್ನೋ ಹಾಗೆ ಮಂಡಿಯ ಕಡೆಗೇ ವಾಲಿ ನಿಂತಿತು. ಆ ಮೆಳೆಗೆ ಇವತ್ತಿಗೂ ಯಾರೂ ಕತ್ತಿ ಹಾಕುವುದಿಲ್ಲ. ಆವಿಗೆ ತೆಗೆದ ದಿನ ಮೊದಲ ಮಡಕೆಯ ನೀರು ಅದರ ಬುಡಕ್ಕೇ.

ಕಗ್ಗಲಿದೊಡ್ಡಿಯಲ್ಲಿ ಇನ್ನೂ ಒಂದು ಪದ್ಧತಿ ನಡೆದುಕೊಂಡು ಬಂದಿದೆ. ಕೂತು ಹತಾರ ಮಸೆಯುವವರನ್ನು ಯಾರೂ ಕೂಗುವುದಿಲ್ಲ. ಎಷ್ಟೇ ಅವಸರವಿರಲಿ, ಬಂದು ಪಕ್ಕದಲ್ಲಿ ನಿಲ್ಲುತ್ತಾರೆ, ಅವರು ಏಳೋವರೆಗೂ. ಗರಗಸಕ್ಕೆ ಎಣ್ಣೆ ಹಚ್ಚೋರು ಮೊದಲು ಹಚ್ಚೋದು ತಾವು ಹಿಡಿಯದ ಹಿಡಿಗೆ. ಯಾಕೆ ಅಂತ ಕೇಳಿ ನೋಡಿ. ಕೈ ನಿಲ್ಲಿಸದೆ ಹೇಳುತ್ತಾರೆ, ಆ ಕಡೆಯವರು ಎಳೆಯಬೇಕಲ್ಲ ಅಂತ.