ನಾಲ್ಕನೆಯ ಕಕಾರ

ಕಾಕಸಸ್ ಬೆಟ್ಟಗಳ ಸಂದಿಯಲ್ಲಿ ಒಂದು ಊರು. ಆ ಊರಿಗೆ ಅದರದೇ ಒಂದು ಭಾಷೆ. ಪಕ್ಕದ ಊರಿನವರಿಗೂ ಅರ್ಥವಾಗದು. ನಮಗೆ ಕ, ಖ ಎಂದು ಎರಡಾದರೆ ಅವರಿಗೆ ಕಕಾರವೇ ನಾಲ್ಕು. ನಾಲ್ಕನೆಯದನ್ನು ಉಸಿರು ಬಿಗಿಹಿಡಿದು ಗಂಟಲಲ್ಲಿ ಸಿಡಿಸಬೇಕು.

ಹಾಗೆ ಸಿಡಿಸಬಲ್ಲ ಹಿರಿಯರು ಈಗ ಏಳೇ ಮಂದಿ. ಒಂದು ಜೀಪಿನಲ್ಲಿ ಕೂರಿಸಿಬಿಡಬಹುದು!

ಅವರಲ್ಲಿ ಸಕಿನಾತ್ ಅಜ್ಜಿ ಎಲ್ಲರಿಗಿಂತ ದೊಡ್ಡವಳು. ಪೇಟೆಯಲ್ಲಿ ಬೆಳೆದ ಇದ್ರಿಸ್ ಆರು ವರ್ಷ ಅವಳ ಬಳಿ ಕೂತು ಭಾಷೆ ಕಲಿತ. ಊರಿನ ಮಕ್ಕಳಿಗೆಂದು ಮೊದಲ ಪಾಠಪುಸ್ತಕವನ್ನೂ ಬರೆದ.

ಒಂದು ದಿನ ಅವನು ಪೇಟೆಯಿಂದ ಉರಿದುಕೊಂಡು ಬಂದ.

“ಅಜ್ಜಿ, ಪುಸ್ತಕ ಅಚ್ಚು ಹಾಕಿಸುವ ಕಚೇರಿಯವನು ಏನಂದ ಗೊತ್ತೇ? ನಾಲ್ಕನೆಯದು ಅಕ್ಷರವೇ ಅಲ್ಲವಂತೆ, ಕೆಮ್ಮಂತೆ! ಒಂದು ದಿನವಾದರೂ ಈ ಬೆಟ್ಟ ಹತ್ತಿದ್ದಾನೆಯೇ ಆ ಮನುಷ್ಯ?”

“ನೀನೇನಂದೆ?”

“ಜಗಳವಾಡಿದೆ. ಮೇಜು ಗುದ್ದಿದೆ.”

“ಆಮೇಲೆ?”

ಇದ್ರಿಸ್ ತಲೆ ತಗ್ಗಿಸಿದ.

“ಆಮೇಲೆ ಆ ಅಕ್ಷರಕ್ಕೆ ಗೀಟೆಳೆದೆ. ಅದಿದ್ದ ಕಡೆಯೆಲ್ಲ ಮೊದಲನೆಯ ಕಕಾರ ಬರೆದಿದ್ದೇನೆ. ನಾಳೆ ಪ್ರತಿ ಕೊಡಬೇಕು. ಒಂದೇ ಒಂದು ಅಕ್ಷರ ತಾನೇ, ಅಜ್ಜಿ? ಮಕ್ಕಳಿಗೆ ಪುಸ್ತಕವಾದರೂ ಸಿಗಲಿ.”

ಒಲೆಯ ಮೇಲೆ ರೊಟ್ಟಿ ಬೇಯುತ್ತಿತ್ತು. ಬೆಟ್ಟ ಹತ್ತಿ ಬಂದವನ ಹೊಟ್ಟೆ ಚುರುಗುಟ್ಟುತ್ತಿತ್ತು.

“ಹಸಿದಿದ್ದೀಯ. ಬೇಕಾದ್ದು ಕೇಳು. ನಿನ್ನ ಪುಸ್ತಕದಲ್ಲಿ ಇರುವ ಹಾಗೆಯೇ ಕೇಳು.”

ಮೊದಲ ಪಾಠದಲ್ಲೇ ಮಗು ರೊಟ್ಟಿ ಕೇಳುವ ಸಾಲಿತ್ತು. ಇದ್ರಿಸ್ ಅದನ್ನು ತಾನು ತಿದ್ದಿದ್ದಂತೆ, ಮೆತ್ತಗಿನ ಕಕಾರದಲ್ಲಿ ಓದಿದ.

ಅಜ್ಜಿ ಎದ್ದು ಹಿತ್ತಿಲಿಗೆ ಹೋದಳು. ನೆಂಟರಿಗೆಂದು ಎತ್ತಿಟ್ಟ ತಟ್ಟೆಯಲ್ಲಿ ಒಣಗಿದ ಬೆರಣಿಯೊಂದನ್ನು ತಂದು ಅವನ ಮುಂದಿಟ್ಟಳು.

ಅವನ ಮುಖ ಕೆಂಪೇರಿತು.

“ಏನಜ್ಜಿ ಇದು? ನನಗೆ ಇಂಥ ಅವಮಾನವೇ?”

“ಅವಮಾನ ಮಾಡಿದವಳು ನಾನೋ? ಸಿಡಿಸಿದರೆ ಆ ಮಾತು ರೊಟ್ಟಿ. ಮೆತ್ತಗೆ ಅಂದರೆ ಬೆರಣಿ. ನೀನು ಕೇಳಿದ್ದನ್ನೇ ತಂದಿದ್ದೇನೆ, ತಿನ್ನು!”

ಇದ್ರಿಸನ ಸಿಟ್ಟು ಈಗ ಅವನ ಮೇಲೆಯೇ ತಿರುಗಿತು. ಪೆನ್ನು ತೆಗೆದು, ಹೊಡೆದುಹಾಕಿದ್ದ ಅಕ್ಷರವನ್ನು ಪುಟಪುಟಕ್ಕೂ ಮತ್ತೆ ಬರೆದ. ಕೊನೆಯ ಪುಟಕ್ಕೆ ಬಂದಾಗ ಬರೆಯುವುದನ್ನು ನಿಲ್ಲಿಸಿದ.

“ಹೀಗೇ ಕೊಟ್ಟರೆ ಅವರು ಅಚ್ಚು ಹಾಕುವುದಿಲ್ಲ, ಅಜ್ಜಿ. ಪುಸ್ತಕವೇ ಇಲ್ಲದ ಹಾಗಾಗುತ್ತದೆ.”

ಅಜ್ಜಿ ಬಿಸಿ ರೊಟ್ಟಿ ಮುರಿದು ಅವನ ಕೈಗಿಟ್ಟಳು.

“ಪುಸ್ತಕವೇ ಇಲ್ಲದ ಕಾಲದಲ್ಲೂ ಈ ಊರಿನಲ್ಲಿ ರೊಟ್ಟಿ ಕೇಳಿದ ಮಕ್ಕಳಿಗೆ ರೊಟ್ಟಿಯೇ ಸಿಗುತ್ತಿತ್ತು, ಮಗಾ.”