ಹೊರೆಯಾಳಿನ ಎಕ್ಕಡ

"ನಕ್ಷೆ ಬರೆದಾಯಿತು, ಬುತ್ತಿ ಕಟ್ಟಿಸಿಯಾಯಿತು, ಹೊರಡುವ ದಿನವನ್ನೂ ನೋಡಿಯಾಯಿತು. ಕಾಡಿನಲ್ಲಿ ಹೂತುಹೋದ ನಮ್ಮ ಮೂಲಮಠದ ಪಟ್ಟಣವನ್ನು ಹುಡುಕಲು ಇನ್ನೇನು ಬೇಕು, ಗುರುಗಳೇ?" ಎಂದು ಶಿಷ್ಯ ಗುರುಪಾದ ಕೇಳಿದ.

ಅವನ ಹಿಂದೆ ಇನ್ನೂ ನಾಲ್ವರು ಶಿಷ್ಯರು ಕೈಕಟ್ಟಿ ನಿಂತಿದ್ದರು. ಅವರಲ್ಲಿ ಒಬ್ಬನೂ ಮಠದ ಹೊಲ ದಾಟಿ ಹೋದವನಲ್ಲ. ಗುರುಗಳು ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಚೆನ್ನಾಗಿದೆ, ನದಿ ಗುಡ್ಡ ಹತ್ತಿಕೊಂಡು ಹೋಗುತ್ತಿದೆ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಎಂದೋ ಹಾಳಾದ ಪಟ್ಟಣವೊಂದಕ್ಕೆ ಅವನ ಹಿರಿಯರು ಪಟ್ಟಣಶೆಟ್ಟರಾಗಿದ್ದರಂತೆ. ಆ ಪಟ್ಟಣ ಎಲ್ಲಿತ್ತೆಂದು ಯಾರಿಗೂ ತಿಳಿಯದು. ವರ್ತಕನಿಗೆ ಅದೇ ಗೀಳಾಯಿತು. ಮೂರು ವರ್ಷ ಅಂಗಡಿ ಮರೆತು ಓಲೆಗರಿ ಓದಿದ. ಒಂದು ದಿನ ಊರವರ ಮುಂದೆ ಎದೆ ತಟ್ಟಿಕೊಂಡು, ಆ ಪಟ್ಟಣದ ಹೆಬ್ಬಾಗಿಲ ಕಲ್ಲು ತಂದು ನಮ್ಮ ಬೀದಿಯ ತಲೆಗೆ ನೆಡುತ್ತೇನೆ, ತರದಿದ್ದರೆ ನನ್ನನ್ನು ಶೆಟ್ಟಿಯೆಂದು ಕರೆಯಬೇಡಿ ಎಂದುಬಿಟ್ಟ. ಮಾತು ಆಡಿದರೆ ಹೋಯಿತು.

ಅವನ ಜೊತೆ ಒಬ್ಬ ಜೋಯಿಸ, ಒಬ್ಬ ಪಂಡಿತ ಹೊರಟರು. ಬುತ್ತಿ, ಪಾತ್ರೆ ಹೊರಲು ಊರಾಚೆಯ ಕೇರಿಯಿಂದ ಒಬ್ಬ ಹೊರೆಯಾಳನ್ನು ಕರೆದರು. ಅವನು ಆ ಕಾಡಿನಲ್ಲೇ ದನ ಮೇಯಿಸಿ ಬೆಳೆದವನು. ಆದರೆ ಓಲೆ ಹಿಡಿದವನು ಮುಂದೆ ನಡೆಯಬೇಕು, ಹೊರೆ ಹೊತ್ತವನು ಹಿಂದೆ. ಅವರ ಪದ್ಧತಿ ಹಾಗಿತ್ತು.

ಒಂಬತ್ತು ದಿನ ತಿರುಗಿದರು. ಓಲೆಯಲ್ಲಿದ್ದ ಕೆರೆ ಕಾಡಿನಲ್ಲಿರಲಿಲ್ಲ. ಜೋಯಿಸ ಪಂಡಿತನನ್ನು ಬೈದ, ಪಂಡಿತ ಜೋಯಿಸನನ್ನು ಬೈದ. ಬುತ್ತಿ ಮುಗಿಯಿತು. ಸೋತು ಹಿಂದಿರುಗುವಾಗ ಮುಳ್ಳುಕಂಟಿಯ ನಡುವೆ ಹೊರೆಯಾಳು ಕುಂಟತೊಡಗಿದ. ನೋಡಿದರೆ ಅವನ ಎಕ್ಕಡ ಕಾಲಲ್ಲಿಲ್ಲ, ಕಂಕುಳಲ್ಲಿವೆ. ವರ್ತಕನಿಗೆ ಮೊದಲೇ ಹಸಿವು, ಮೇಲೆ ಸಿಟ್ಟು.

"ಈ ಮುಳ್ಳಿನಲ್ಲಿ ಯಾರ ಮನೆ ಇದೆಯೆಂದು ಎಕ್ಕಡ ಬಿಟ್ಟೆಯೋ?" ಎಂದು ಗದರಿದ.

"ಇಲ್ಲಿಂದ ಆ ಹುತ್ತದ ಗಂಟ ನಮ್ಮೋರು ಎಕ್ಕಡ ಮೆಟ್ಟಂಗಿಲ್ಲ, ಬುದ್ಧಿ. ಯಾಕೆ ಅಂತ ಗೊತ್ತಿಲ್ಲ. ನಮ್ಮಪ್ಪ ಬುಡ್ತಿದ್ದ, ಅವರಪ್ಪನೂ ಬುಡ್ತಿದ್ನಂತೆ. ಹೋಗುವಾಗ್ಲೂ ಬುಟ್ಟಿದ್ದೆ, ತಾವು ನೋಡುದ್ರಲ್ಲ."

ವರ್ತಕ ನೋಡಿದ್ದು ನಿಜ. ನೋಡಿಯೂ ಅವನಿಗೆ ಅದು ವಿಶೇಷವೆನಿಸಿರಲಿಲ್ಲ. ತನ್ನ ಬೀದಿಯಲ್ಲಿ ಹೊರೆಯಾಳು ದಿನವೂ ಎಕ್ಕಡ ಬಿಟ್ಟು ಬರಿಗಾಲಲ್ಲೇ ಓಡಾಡುವುದನ್ನು ಕಂಡಿದ್ದ.

ಅಂಥ ಬೀದಿಯೊಂದು ಇಲ್ಲಿಯೂ ಇದ್ದಿರಬೇಕೆಂದು ಅವನಿಗೆ ಈಗ ಹೊಳೆಯಿತು. ಹೊರೆಯಾಳು ಎಕ್ಕಡ ಬಿಟ್ಟ ಜಾಗದಲ್ಲಿ ಮಣ್ಣು ಕೆದಕಿದರು. ಮೊಳದಾಳದಲ್ಲಿ ಹೆಬ್ಬಾಗಿಲ ಹೊಸ್ತಿಲು ಸಿಕ್ಕಿತು. ಅದರ ಮೇಲೆ ವರ್ತಕನ ಮನೆತನದ ತಕ್ಕಡಿಯ ಮುದ್ರೆಯಿತ್ತು. ಜೋಯಿಸ ಕುಣಿದಾಡಿದ. ವರ್ತಕ ಮಾತ್ರ ನಾಚಿಕೆಯಿಂದ ಹಿಡಿಯಷ್ಟಾದ. ಅರಮನೆ ಹೋಗಿತ್ತು, ಪೇಟೆ ಹೋಗಿತ್ತು, ಪಟ್ಟಣದ ಹೆಸರೂ ಹೋಗಿತ್ತು. ತನ್ನ ಹಿರಿಯರು ಹೊರೆಯಾಳಿನ ಹಿರಿಯರಿಗೆ ಮಾಡಿದ ಅವಮಾನವೊಂದೇ ಉಳಿದಿತ್ತು, ದಾರಿ ತೋರಿಸಿದ್ದೂ ಅದೇ. ಎಕ್ಕಡ ಮೆಟ್ಟಿಕೊಂಡು ನೀನೇ ಮುಂದೆ ನಡೆಯಪ್ಪ ಎಂದು ಬೇಡಿಕೊಂಡ. ಹೊರೆಯಾಳು ಕಾಲು ತೂರಿಸಿ ನೋಡಿದ. ಹೆಜ್ಜೆ ಏಳಲಿಲ್ಲ. ಮತ್ತೆ ತೆಗೆದು ಕಂಕುಳಲ್ಲಿಟ್ಟುಕೊಂಡ.

ಕಲ್ಲು ಕೀಳಗೊಡದೆ ವರ್ತಕ ಊರಿಗೆ ಬಂದ. ಜನ ಬೀದಿಯ ತಲೆಯಲ್ಲಿ ಹಾರ ಹಿಡಿದು ಕಾದಿದ್ದರು. ಪಟ್ಟಣ ಸಿಕ್ಕಿತೇ, ಕಲ್ಲೆಲ್ಲಿ ಎಂದು ಕೇಳಿದರು. ಅವನು ಬಾಯಿ ತೆರೆಯುವಷ್ಟರಲ್ಲಿ, ಹಿಂದೆ ಬರುತ್ತಿದ್ದ ಹೊರೆಯಾಳು ಹೊರೆ ಇಳಿಸಿ, ಹುತ್ತ ದಾಟಿದ ಮೇಲೆ ಮೆಟ್ಟಿದ್ದ ಎಕ್ಕಡವನ್ನು ಬೀದಿಯ ತಲೆಯಲ್ಲೇ ಬಾಗಿ ಬಿಟ್ಟ. ವರ್ತಕ ತಲೆ ತಗ್ಗಿಸಿದ. ಅಂದಿನಿಂದ ಯಾರಾದರೂ ಶೆಟ್ಟರೇ ಎಂದು ಕರೆದರೆ ಅವನು ಓಗೊಡಲಿಲ್ಲ.

ಕತೆ ಮುಗಿಯಿತು. ಗುರುಪಾದನ ಮುಖ ಅರಳಿತು. ಹಾಗಾದರೆ ನಮಗೂ ಕಾಡು ಬಲ್ಲವನೊಬ್ಬ ಬೇಕು, ಮಠಕ್ಕೆ ಸೌದೆ ತರುವ ಕೆಂಚನನ್ನು ಕರೆದುಕೊಂಡು ಅವನನ್ನೇ ಮುಂದೆ ಬಿಡುತ್ತೇವೆ ಎಂದ.

ಗುರುಗಳು ನಕ್ಷೆಯನ್ನು ಮಡಚಿ ಅವನ ಕೈಗಿತ್ತರು.

"ನನ್ನ ಪಾದುಕೆಯೂ ನಿಮ್ಮ ಚಪ್ಪಲಿಯೂ ಮೆಟ್ಟಿಲ ಬಳಿ, ಕೆಂಚನ ಎಕ್ಕಡ ಬೇಲಿಯಾಚೆ, ಇಪ್ಪತ್ತು ವರ್ಷದಿಂದ ನಾನೂ ನೋಡುತ್ತಿದ್ದೇನೆ, ಗುರುಪಾದ."