ಬಲಗೆನ್ನೆಯ ಮಚ್ಚೆ

“ಗುರುಗಳೇ, ಬಾಳಪ್ಪ ಬರೆದ ಮುಖ ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಈ ಉರಿಗೆ ಮದ್ದೇನು?”

ಕೇಳಿದವನು, ಕಲ್ಲಿನ ಮೇಲೆ ಚಿತ್ರ ಬರೆದು ಕಾಗದಕ್ಕೆ ಅಚ್ಚು ತೆಗೆಯುವ ಕಲ್ಲಚ್ಚಿನ ಮನೆಯ ಶಿಷ್ಯ ಈರಣ್ಣ. ಜೊತೆಯ ಶಿಷ್ಯ ಬಾಳಪ್ಪ ಊಟಕ್ಕೆ ಹೋಗಿದ್ದ. ಅವನು ಚಿತ್ರ ಬರೆದಿಟ್ಟ ಕಲ್ಲು ಅಲ್ಲೇ ಇತ್ತು. ಕಲ್ಲಿನ ಗೆರೆ ಕೆರೆದು ಅಳಿಸುವ ಕತ್ತಿ ಈರಣ್ಣನ ಕೈಯಲ್ಲಿತ್ತು.

ಮುದುಕ ಗುರುಗಳು ಎಲೆಅಡಿಕೆ ಬಾಯಿಗಿಟ್ಟು ಹೇಳಿದರು:

ಮುಖ ಬರೆಯುವುದೆಂದರೆ ನಾನು ಬರೆದದ್ದೇ ಬರೆದದ್ದು. ಸಂಸ್ಥಾನದ ಕಾರಭಾರಿಯವರ ಮೀಸೆ ಬರೆದಿದ್ದೆ. ಕಾಗದಕ್ಕೆ ಇಳಿಸಿ ಗೋಡೆಗೆ ಹಚ್ಚಿದರೆ, ಒಂದು ಕೂದಲು ಉದ್ದವಾಗಿದೆ ಎಂದು ಅವರ ಕ್ಷೌರಿಕನೇ ಕತ್ತರಿ ಹಿಡಿದು ಬಂದ. ಈಗ ಕಾರಭಾರಿಯೂ ಇಲ್ಲ, ಕ್ಷೌರಿಕನೂ ಇಲ್ಲ. ಸಾಕ್ಷಿ ಬೇಕಾದರೆ ಮೇಲಕ್ಕೇ ಹೋಗಬೇಕು. ಅದಿರಲಿ, ಕತೆ ಕೇಳು.

ಒಂದು ಅಚ್ಚಿನ ಮನೆಯಲ್ಲಿ ಇಬ್ಬರು ಚಿತ್ರಗಾರರಿದ್ದರು. ಒಬ್ಬ ಬರೆದರೆ ಚರ್ಮದ ಸುಕ್ಕೂ ಕಾಣುತ್ತಿತ್ತು. ಇನ್ನೊಬ್ಬ ಅದನ್ನು ನೋಡಿ ನೋಡಿ ಬೇಯುತ್ತಿದ್ದ. ಅಲ್ಲಿಗೊಬ್ಬ ವ್ಯಾಪಾರಿ ಬಂದ. ಎಷ್ಟೋ ಜನ ಅವನ ಮುಖ ಬರೆದಿದ್ದರು, ಒಂದೂ ಅವನಿಗೆ ಒಪ್ಪಿರಲಿಲ್ಲ. ಇವನು ಒಪ್ಪುವ ಹಾಗೆ ಬರೆದವನೇ ಇನ್ನು ಮೇಲೆ ಇಲ್ಲಿ ಮೇಸ್ತ್ರಿ ಎಂದು ಯಜಮಾನ ಹೇಳಿದ.

ಮೊದಲನೆಯವನು ಬರೆದ. ಕಲ್ಲಿನ ಎಡ ಕಾಗದದಲ್ಲಿ ಬಲವಾಗುತ್ತದಲ್ಲ. ಹಾಗಾಗಿ ವ್ಯಾಪಾರಿಯ ಎಡಗೆನ್ನೆಯ ಮಚ್ಚೆಯನ್ನು ಕಲ್ಲಿನ ಮೇಲೆ ಬಲಗೆನ್ನೆಗೆ ಇಟ್ಟ. ಅವನು ಊಟಕ್ಕೆ ಎದ್ದಾಗ ಹೊಟ್ಟೆಕಿಚ್ಚಿನವನು ಆ ಮಚ್ಚೆ ಕೆರೆದು, ಇನ್ನೊಂದು ಕೆನ್ನೆಗೆ ಚುಕ್ಕೆ ಇಟ್ಟ. ಅಚ್ಚು ತೆಗೆದರು. ಮಚ್ಚೆ ಬಲಗೆನ್ನೆಗೆ ಬಂದಿತ್ತು. ಯಜಮಾನನ ಮುಖ ಕಪ್ಪಿಟ್ಟಿತು.

ವ್ಯಾಪಾರಿ ನೋಡಿದ. ಎದ್ದು ತನ್ನ ಶಾಲನ್ನೇ ಚಿತ್ರಗಾರನಿಗೆ ಹೊದಿಸಿದ.

“ದಿನಾ ಕನ್ನಡಿಯಲ್ಲಿ ಕಾಣುವವನು ಇವನೇ ಕಣಯ್ಯ. ಉಳಿದವರೆಲ್ಲ ಮಚ್ಚೆಯನ್ನು ಇನ್ನೊಂದು ಕೆನ್ನೆಗೆ ಇಟ್ಟು ಕೆಡಿಸಿದ್ದರು.”

ಪಾಪ, ಅವನು ತನ್ನ ಮುಖವನ್ನು ಕನ್ನಡಿಯಲ್ಲಲ್ಲದೆ ಬೇರೆಲ್ಲಿ ನೋಡಿದ್ದ? ಮೊದಲನೆಯವನು ಮೇಸ್ತ್ರಿಯಾದ. ಆ ಮಚ್ಚೆ ನಾನಿಟ್ಟದ್ದು ಎಂದು ಹೇಳಲು ಹೊಟ್ಟೆಕಿಚ್ಚಿನವನಿಗೆ ಬಾಯಿ ಬರಲಿಲ್ಲ.

ಈರಣ್ಣ ಕತ್ತಿಯ ಅಲಗನ್ನು ಉಗುರಿಗೆ ಉಜ್ಜಿದ. ಆಮೇಲೆ ಅಂದ:

“ಗುರುಗಳೇ, ಆ ಕ್ಷೌರಿಕ ನಮ್ಮಜ್ಜ. ಕಾರಭಾರಿಯವರು ಮೀಸೆಯನ್ನೇ ಬಿಟ್ಟಿರಲಿಲ್ಲವಂತೆ.”

ಗುರುಗಳು ಎಲೆಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು.

“ಇರಬಹುದು. ಕಾರಭಾರಿಯ ಮೀಸೆ ಕೆರೆದದ್ದಾಯಿತಲ್ಲ, ಇನ್ನು ಆ ಕತ್ತಿ ಕೆಳಗಿಡು.”